ಖಮೀರ್ ಮತ್ತು ಬೂಷ್ಟು

ನಾನು ಕಾಮರ್ಸ್ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಜೀವಶಾಸ್ತ್ರದ ಪುಸ್ತಕ ತೆರೆಯುವ ಅಗತ್ಯ ಬಂದಿಲ್ಲ. ಆದರೂ ಶಿಲೀಂಧ್ರಗಳ ಬಗ್ಗೆ ಬರೆಯಲು ನನಗೆ ಹಕ್ಕಿದೆ. ನಮ್ಮ ಮನೆಗೆ ದುಡ್ಡು ಬರುವುದೂ ಅವುಗಳಿಂದ, ಹೋಗುವುದೂ ಅವುಗಳಿಂದ. ಅಬ್ಬಾ ಸಣ್ಣದೊಂದು ಬೇಕರಿ ನಡೆಸುತ್ತಾರೆ.

ನಾವು ಮನೆಯಲ್ಲಿ ಖಮೀರ್ ಅನ್ನುವುದು ಯೀಸ್ಟ್‌ಗೆ. ಅದು ಒಂದೇ ಕೋಶದ ಶಿಲೀಂಧ್ರ. ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗಾಳಿ ಒಳಗೇ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಚಳಿಗೆ ಅದರ ಕೆಲಸ ನಿಧಾನ. ಡಿಸೆಂಬರ್‌ನಲ್ಲಿ ಅಬ್ಬಾ ಹಿಟ್ಟಿನ ಟ್ರೇಗಳನ್ನು ಭಟ್ಟಿಯ ಪಕ್ಕಕ್ಕೆ ಸರಿಸುವುದು ಅದಕ್ಕೇ.

ಮಳೆಗಾಲ ಬಂತೆಂದರೆ ಬೂಷ್ಟಿನ ಸರದಿ. ಇದೂ ಶಿಲೀಂಧ್ರವೇ, ಆದರೆ ಎಳೆ ಎಳೆಯಾಗಿ ಬೆಳೆಯುತ್ತದೆ. ಗಿಡದ ಹಾಗೆ ಪತ್ರಹರಿತ್ತು ಇಲ್ಲ, ಆಹಾರ ತಾನೇ ತಯಾರಿಸಿಕೊಳ್ಳಲಾರದು. ನಮ್ಮ ಹಾಗೆ ನುಂಗುವುದೂ ಇಲ್ಲ. ಕಿಣ್ವಗಳನ್ನು ಹೊರಗೆ ಬಿಟ್ಟು, ಬ್ರೆಡ್ಡನ್ನು ಇದ್ದಲ್ಲೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಮೊದಲು ಜೀರ್ಣ, ನಂತರ ಊಟ! ಅದರ ಕೋಶಭಿತ್ತಿಯಲ್ಲಿರುವ ಕೈಟಿನ್ ಸಿಗಡಿಯ ಚಿಪ್ಪಿನಲ್ಲೂ ಇದೆ. ಗಿಡಗಳಿಗಿಂತ ಪ್ರಾಣಿಗಳಿಗೇ ಇವು ಹತ್ತಿರದ ಸಂಬಂಧಿಗಳಂತೆ.

ಕಳೆದ ಜುಲೈನಲ್ಲಿ ಅಂಗಡಿಗಳಿಂದ ಪ್ಯಾಕೆಟ್‌ಗಳು ರಾಶಿ ರಾಶಿ ವಾಪಸ್ ಬಂದವು. ಲೆಕ್ಕದ ಪುಸ್ತಕ ಬರೆಯುವವಳು ನಾನೇ. ಅದೇ ತಿಂಗಳು ನನ್ನ ಫೀಸಿನ ಕಂತೂ ಇತ್ತು. ಭಟ್ಟಿ ನೋಡಿಕೊಳ್ಳುವ ಚಾಚಾ, "ಹಸಿರಾದ ಜಾಗ ಕತ್ತರಿಸಿ ರಸ್ಕ್ ಮಾಡೋಣ, ಬಿಸಿಗೆ ಎಲ್ಲ ಸಾಯುತ್ತೆ" ಅಂದರು. ಹಸಿರಾಗಿ ಕಾಣುವುದು ಬೀಜಾಣುಗಳು ಮಾತ್ರ, ಎಳೆಗಳು ಮೆತ್ತನೆಯ ಬ್ರೆಡ್ಡಿನೊಳಗೆ ಆಗಲೇ ಇಳಿದಿರುತ್ತವೆ, ಕೆಲವು ಬೂಷ್ಟುಗಳ ವಿಷ ಭಟ್ಟಿಯ ಬಿಸಿಗೂ ಹೋಗುವುದಿಲ್ಲ ಎಂದು ನಾನು ಹೇಳಿದೆ. ಚಾಚಾ ಬಿಡಲಿಲ್ಲ. "ಬೂಷ್ಟಿನಿಂದ ಔಷಧಿ ಮಾಡ್ತಾರಲ್ಲ?" ನಿಜ, 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ಪೆನಿಸಿಲಿನ್ ಸಿಕ್ಕಿದ್ದು ಒಂದು ಬೂಷ್ಟಿನಿಂದಲೇ. ಆದರೆ ನಮ್ಮ ಪ್ಯಾಕೆಟ್‌ನಲ್ಲಿ ಬೆಳೆದದ್ದು ಯಾವ ಜಾತಿಯದು ಎಂದು ಯಾರು ನೋಡಿದ್ದಾರೆ?

ಅಬ್ಬಾ ಏನೂ ಮಾತಾಡಲಿಲ್ಲ. ಪುಸ್ತಕದಲ್ಲಿ ಒಟ್ಟು ಮೊತ್ತವನ್ನು ಎರಡು ಸಲ ನೋಡಿದರು. ಆಮೇಲೆ ಎಲ್ಲವನ್ನೂ ಹಿತ್ತಲ ಗುಂಡಿಗೆ ಹಾಕಿಸಿದರು. ಫೀಸು ತಡವಾಗಿ ಕಟ್ಟಿದೆವು.

ಭಟ್ಟಿಯಿಂದ ಬಂದ ಬ್ರೆಡ್ಡಿನಲ್ಲಿ ಬೂಷ್ಟು ಇರುವುದಿಲ್ಲ. ಬೀಜಾಣುಗಳು ಗಾಳಿಯಿಂದ ಆಮೇಲೆ ಬಂದು ಕೂರುತ್ತವೆ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಹಬೆ ನೀರಾಗಿ ಅವುಗಳಿಗೆ ಹಬ್ಬ. ಈಗ ಪೂರ್ತಿ ಆರಿದ ಮೇಲೆಯೇ ಪ್ಯಾಕಿಂಗ್. ಬೆಳಗಿನ ಮೊದಲ ಗಾಡಿ ತಪ್ಪುತ್ತದೆ ಎಂದು ಚಾಚಾ ಇನ್ನೂ ಗೊಣಗುತ್ತಲೇ ಇದ್ದಾರೆ.