ಕಳ್ಳಿಪೀರದ ಪಾಠ

ಹಕ್ಕಿ ಫೋಟೋದ ಹುಚ್ಚು ಹತ್ತಿದವರನ್ನು ಮೊದಲು ಕಾಡುವುದು ಲೆನ್ಸಿನ ಚಿಂತೆ. 300 ಎಂಎಂ ಸಾಲದು, 600 ಬೇಕು. ಅದು ಬಂದರೆ ಅದರ ಭಾರ ಹೊರಲು ಟ್ರೈಪಾಡ್ ಬೇಕು. ಈ ಲೆಕ್ಕ ಅಂಗಡಿಯವರಿಗೆ ಬಲು ಪ್ರೀತಿ. ಸಲೀಂ ಅಲಿಯವರ ಮಾತಿಗೆ ಓಗೊಟ್ಟು ಮೈಸೂರು ಅರಸರು 1940ರಲ್ಲಿ ರಕ್ಷಿಸಿದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ಸಣ್ಣ ಲೆನ್ಸಿಗೂ ಬಣ್ಣದ ಕೊಕ್ಕರೆ ಸಿಗುತ್ತದೆ. ಆದರೆ ದೋಣಿ ಅಲುಗುತ್ತದೆ, ಮುಂದಿನವರ ತಲೆ ಅಡ್ಡ ಬರುತ್ತದೆ.

ಹೊಸಬರಿಗೆ ನಾನು ಹೇಳುವುದು ಕಳ್ಳಿಪೀರವನ್ನೇ. ಊರಾಚೆ ಬಯಲಿದ್ದಲ್ಲಿ, ತಂತಿಯಿದ್ದಲ್ಲಿ ಅದು ಇದ್ದೇ ಇರುತ್ತದೆ. ಎಲೆಹಸಿರು ಮೈ, ಬಾಲದ ನಡುವಿನಿಂದ ಸೂಜಿಯಂತೆ ಹೊರಟ ಎರಡು ಗರಿ, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟೆ. ಆ ಪಟ್ಟೆಯೊಳಗೆ ಕಣ್ಣು ಅಡಗಿಬಿಡುತ್ತದೆ. ಬಿಸಿಲು ನಮ್ಮ ಬೆನ್ನಿಗಿದ್ದರೆ ಮಾತ್ರ ಕೆಂಗಣ್ಣು ಮಿನುಗೀತು. ಬೇಗ ಏಳುವ ಜಾತಿಯೂ ಅಲ್ಲ. ಚಳಿಯ ಬೆಳಗ್ಗೆ ಹೊತ್ತೇರಿದರೂ ಒಂದಕ್ಕೊಂದು ಒತ್ತಿಕೊಂಡು ಮೈ ಕಾಯಿಸುತ್ತಿರುತ್ತವೆ. ನಮ್ಮಂಥ ಸೋಮಾರಿಗಳ ಪುಣ್ಯ!

ಮೈ ಬೆಚ್ಚಗಾದ ಮೇಲೆ ಬೇಟೆ. ಚಂಗನೆ ಹಾರಿ ಗಾಳಿಯಲ್ಲೇ ಹುಳು ಹಿಡಿದು, ಬಹುತೇಕ ಎದ್ದ ಜಾಗಕ್ಕೇ ಮರಳುತ್ತದೆ. ಸಿಕ್ಕಿದ್ದು ಜೇನುನೊಣವಾದರೆ ಕೂತಲ್ಲೇ ಬಡಿದು, ಉಜ್ಜಿ, ಕೊಂಡಿಯ ಕಾಟ ಕಳೆದು ನುಂಗುತ್ತದೆ. ಹಾಗಾಗಿ ಹಾರಿದ ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸುವ ಗೋಜು ಬೇಡ. ಅದು ಬಿಟ್ಟುಹೋದ ಜಾಗಕ್ಕೇ ಫೋಕಸ್ ಮಾಡಿ, ಶಟರ್ ವೇಗವನ್ನು 1/2000 ಸೆಕೆಂಡಿಗೆ ಇಟ್ಟು ಕಾಯಬೇಕು. ಬರಿ ತಂತಿಗೆ ಗುರಿಯಿಟ್ಟು ನಿಂತವನನ್ನು ಕಂಡು ವಾಕಿಂಗಿಗೆ ಬಂದ ಹಿರಿಯರೊಬ್ಬರು, "ಏನ್ ಸಾರ್, ಕೆಇಬಿಯೋರಾ?" ಅಂದರು. ಕರೆಂಟು ಎಷ್ಟೊತ್ತಿಗೆ ಬರುತ್ತದೆ ಎಂದೂ ಕೇಳಿದರು.

ನಾವು ಅದರ ಚಾಳಿ ಕಲಿಯುವ ಹೊತ್ತಿಗೆ ಅದು ನಮ್ಮದನ್ನು ಕಲಿತಿರುತ್ತದೆ. ಕಳ್ಳಿಪೀರ ಗೂಡು ಮಾಡುವುದು ಮಣ್ಣಿನ ದಿಬ್ಬದಲ್ಲಿ ಬಿಲ ತೋಡಿ. ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೊಗಸಾದ ಸಂಗತಿಯಿದೆ: ಹತ್ತಿರದಲ್ಲಿ ಮನುಷ್ಯ ನಿಂತಿದ್ದು, ಅವನಿರುವ ಕಡೆಯಿಂದ ಬಿಲ ಕಾಣುವಂತಿದ್ದರೆ ಹಕ್ಕಿ ಒಳಹೋಗಲು ಹಿಂದೆಮುಂದೆ ನೋಡುತ್ತದೆ, ಕಾಣದಂತೆ ಮರೆಯಿದ್ದರೆ ಅಷ್ಟು ಅಂಜುವುದಿಲ್ಲ. ನನ್ನ ಲೆನ್ಸಿಗೆ ಏನು ಕಾಣುತ್ತದೆಂಬುದು ತಂತಿಯ ಮೇಲಿರುವವರಿಗೂ ಗೊತ್ತು ಅಂದ ಹಾಗಾಯಿತು. ಮರಿಗೆ ತಂದ ತುತ್ತು ಕೊಕ್ಕಿನಲ್ಲೇ ಉಳಿದಿದ್ದರೆ ನಾನು ಟ್ರೈಪಾಡ್ ಎತ್ತಿಕೊಂಡು ಜಾಗ ಖಾಲಿ ಮಾಡುತ್ತೇನೆ.