ಓಗೊಡದ ಯಂತ್ರ

ಹಳೆಯ ಕಾಲದ ಕಾಗದಗಳು ‘ಉಭಯಕುಶಲೋಪರಿ’ ಎಂದೇ ಶುರುವಾಗುತ್ತಿದ್ದವು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇವೆ ಎಂಬ ಆ ಒಂದು ಪದ ಮನೆಗೆ ಮುಟ್ಟಿದರೆ ಸಾಕಿತ್ತು. ಕಾಗದ ಬರುವುದು ನಾಲ್ಕು ದಿನ ತಡವಾದರೆ ಮನಸ್ಸು ಕೆಟ್ಟದ್ದನ್ನೇ ನೆನೆಯುತ್ತಿತ್ತು.

ತೀರ್ಥಹಳ್ಳಿ ಕಡೆಯ ಆ ಹುಡುಗ ಕಂಪ್ಯೂಟರ್ ಓದು ಮುಗಿಸಿ ಬೆಂಗಳೂರಿನ ಕಚೇರಿಯೊಂದರಲ್ಲಿ ರಾತ್ರಿ ಪಾಳಿಗೆ ಸೇರಿಕೊಂಡಾಗ ಅವನಿಗೆ ಒಪ್ಪಿಸಿದ ಕೆಲಸವೂ ಹೆಚ್ಚುಕಡಿಮೆ ಇದೇ: ಯಂತ್ರಗಳ ಯೋಗಕ್ಷೇಮ ವಿಚಾರಿಸುವುದು. ಕಚೇರಿಯ ನಲವತ್ತು ಕಂಪ್ಯೂಟರ್‌ಗಳನ್ನು ಝ್ಯಾಬಿಕ್ಸ್ ಎಂಬ ತಂತ್ರಾಂಶ ಕಾಯುತ್ತಿತ್ತು. ಲಾಟ್ವಿಯಾ ದೇಶದ ಅಲೆಕ್ಸೈ ವ್ಲಾಡಿಶೆವ್ 1998ರಲ್ಲಿ ಬರೆಯಲಾರಂಭಿಸಿ, 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಅದು. ಪ್ರತಿ ಕಂಪ್ಯೂಟರಿನೊಳಗೂ ಅದರ ಒಬ್ಬ ಏಜೆಂಟ್ ಇರುತ್ತಾನೆ. ಏಜೆಂಟ್ ಎಂದರೆ ವಿಮೆ ಮಾಡಿಸುವವನಲ್ಲ, ಒಂದು ಪುಟ್ಟ ಪ್ರೋಗ್ರಾಂ. ಕೇಂದ್ರದ ಸರ್ವರ್ ಆಗಾಗ ‘ಹೇಗಿದ್ದೀಯಪ್ಪ?’ ಎಂದು ಕೇಳುತ್ತದೆ. ಏಜೆಂಟ್ ‘ಡಿಸ್ಕ್ ಇಷ್ಟು ತುಂಬಿದೆ, ಮೆಮೊರಿ ಇಷ್ಟು ಉಳಿದಿದೆ’ ಎಂದು ವರದಿ ಒಪ್ಪಿಸುತ್ತಾನೆ. ಉತ್ತರಕ್ಕಾಗಿ ಸರ್ವರ್ ಸಾಮಾನ್ಯವಾಗಿ ಕಾಯುವುದು ಮೂರೇ ಸೆಕೆಂಡು.

ತಿಂಗಳ ಕೊನೆಯ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಪರದೆಯ ಮೇಲೆ ಒಂದು ಹೆಸರಿನ ಪಕ್ಕ ಕೆಂಪು ಬಣ್ಣ ಬಂತು. ಅದು ನೌಕರರ ಸಂಬಳದ ಲೆಕ್ಕ ಹಾಕುವ ಯಂತ್ರ. ಹುಡುಗನ ಎದೆ ಧಸಕ್ಕೆಂದಿತು. ಓಡಿಹೋಗಿ ಅದನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿಬಿಡುವುದೆಂದು ಎದ್ದೇಬಿಟ್ಟ.

‘ಎಲ್ಲಿಗೆ?’ ಎಂದರು ಪಾಳಿಯ ಹಿರಿಯ ಮೇಡಂ.

‘ಸಂಬಳದ ಮಷೀನ್ ಡೌನ್ ಆಗಿದೆ ಮೇಡಂ.’

‘ಡೌನ್ ಆಗಿದೆ ಅಂತ ಯಾರು ಹೇಳಿದ್ದು? ನನಗೆ ಉತ್ತರ ಬರ್ತಿಲ್ಲ ಅಂತ ಸರ್ವರ್ ಹೇಳ್ತಿದೆ, ಅಷ್ಟೇ. ಕೂತ್ಕೊಳಪ್ಪ.’

ಮೊದಲು ಪಿಂಗ್ ಮಾಡಿಸಿದರು. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಸಣ್ಣ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳು ನೀರಿನೊಳಗೆ ಸದ್ದು ಹೊರಡಿಸಿ ಪ್ರತಿಧ್ವನಿಗಾಗಿ ಕಾಯುತ್ತವಲ್ಲ, ಆ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟರು. ಇಲ್ಲಿಂದ ಕೂಗಿದರೆ ಅಲ್ಲಿಂದ ಓಗೊಡುತ್ತದೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಸಂಬಳದ ಯಂತ್ರ ತಕ್ಷಣ ಓಗೊಟ್ಟಿತು. ಹಾಗಾದರೆ ಯಂತ್ರಕ್ಕೆ ಜೀವವಿದೆ, ದಾರಿಯೂ ತೆರೆದಿದೆ.

ಎರಡನೆಯದು, ಏಜೆಂಟನ ಬಾಗಿಲು. ಅದರ ಸಂಖ್ಯೆ 10050. ಅಲ್ಲಿ ತಟ್ಟಿದಾಗ ಏನಾಗುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ ಎಂದರು ಮೇಡಂ. ಎಷ್ಟು ಕಾದರೂ ಸದ್ದೇ ಇಲ್ಲದಿದ್ದರೆ ನಡುವೆ ಫೈರ್‌ವಾಲ್ ಅಡ್ಡ ನಿಂತಿರಬಹುದು. ‘ಇಲ್ಲ’ ಎಂಬ ಉತ್ತರ ತಟ್ಟನೆ ಬಂದರೆ, ಮನೆ ಇದೆ, ಒಳಗೆ ಏಜೆಂಟ್ ಮಾತ್ರ ಎದ್ದಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಬಾಗಿಲು ತೆರೆದು, ಮುಖ ನೋಡಿ, ಮರುಕ್ಷಣವೇ ಮುಚ್ಚಿಕೊಂಡರೆ? ಏಜೆಂಟ್ ಎಚ್ಚರವಾಗಿಯೇ ಇದ್ದಾನೆ, ಬಂದವರ ಗುರುತು ಸಿಗಲಿಲ್ಲ ಎಂದು ತಿಳಿಯಬೇಕು. ಆ ರಾತ್ರಿ ಆದದ್ದು ಈ ಮೂರನೆಯದು.

ಸಂಬಳದ ಯಂತ್ರದ ಲಾಗ್ ಫೈಲ್ ತೆರೆದಾಗ ಕಾರಣ ಅಲ್ಲೇ ಬರೆದಿತ್ತು: ಇಂಥ ವಿಳಾಸದಿಂದ ಕರೆ ಬಂತು, ತಿರಸ್ಕರಿಸಲಾಯಿತು, ಅನುಮತಿ ಇರುವುದು ಇಂಥ ವಿಳಾಸಕ್ಕೆ ಮಾತ್ರ. ಅಂದು ರಾತ್ರಿಯೇ ಕೇಂದ್ರದ ಸರ್ವರಿಗೆ ಹೊಸ ವಿಳಾಸ ಬಂದಿತ್ತು. ಉಳಿದೆಲ್ಲ ಏಜೆಂಟರ ಪಟ್ಟಿಯಲ್ಲಿ ಹೊಸ ವಿಳಾಸ ಸೇರಿಸಿದ್ದ ಹಗಲು ಪಾಳಿಯವರು, ಸಂಬಳದ ಲೆಕ್ಕದಲ್ಲಿ ಮುಳುಗಿದ್ದ ಯಂತ್ರವನ್ನು ಮುಟ್ಟುವುದು ಬೇಡವೆಂದು ಬಿಟ್ಟಿದ್ದರು. ಅದನ್ನು ಬರೆದಿಡಲು ಮರೆತಿದ್ದರು. ಅಪರಿಚಿತರಿಗೆ ಬಾಗಿಲು ತೆಗೆಯಬೇಡ ಎಂದು ಹೇಳಿಹೋದ ಮಗುವಿನಂತೆ ಏಜೆಂಟ್ ನಡೆದುಕೊಂಡಿದ್ದ. ಪಟ್ಟಿಯಲ್ಲಿ ಒಂದು ವಿಳಾಸ ಸೇರಿಸಿ, ಯಂತ್ರವನ್ನು ಆರಿಸದೆ, ಏಜೆಂಟನನ್ನು ಮಾತ್ರ ಮರಳಿ ಎಬ್ಬಿಸಿದರು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಹಸಿರಾಯಿತು. ಯಂತ್ರವನ್ನೇ ಆರಿಸಿದ್ದರೆ ಆ ತಿಂಗಳ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು ಎಂಬುದು ನೆನಪಾಗಿ ಹುಡುಗ ಬೆವರಿದ.

ಮೇಡಂ ಪರದೆಯ ಮೇಲಿನ ರೇಖೆಯನ್ನು ತೋರಿಸಿದರು. ಮಾತು ಬಂದ್ ಆಗಿದ್ದ ಹೊತ್ತಿನಲ್ಲಿ ರೇಖೆ ಸೊನ್ನೆಗೆ ಇಳಿದಿರಲಿಲ್ಲ, ಆ ಜಾಗ ಖಾಲಿ ಉಳಿದಿತ್ತು. ‘ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಿಡೋದು ಯಂತ್ರಕ್ಕೂ ಗೊತ್ತು ನೋಡು’ ಎಂದು ನಕ್ಕರು. ಆಮೇಲೆ ಇನ್ನೊಂದು ಬಗೆಯ ಏಜೆಂಟನ ವಿಷಯ ಹೇಳಿದರು. ಅವನು ಯಾರಾದರೂ ಕೇಳಲಿ ಎಂದು ಕಾಯುವುದಿಲ್ಲ. ತಾನೇ ಸರ್ವರಿನ 10051ನೇ ಬಾಗಿಲಿಗೆ ಹೋಗಿ ವರದಿ ಒಪ್ಪಿಸಿ ಬರುತ್ತಾನೆ. ಆದರೆ ಅಲ್ಲಿ ಬರೆಸಿದ ಹೆಸರನ್ನೇ ಅಕ್ಷರ ತಪ್ಪದಂತೆ ಹೇಳಬೇಕು.

ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಸಿ ಲಾಕರಿನಿಂದ ಫೋನ್ ತೆಗೆದರೆ ಅಮ್ಮನ ಹನ್ನೊಂದು ಕರೆಗಳು. ಪಾಳಿ ಬದಲಾದದ್ದನ್ನು ಅವನು ಮನೆಗೆ ತಿಳಿಸಿರಲಿಲ್ಲ. ಊರಿನಲ್ಲಿ ಅಪ್ಪ ಮೊದಲ ಬಸ್ಸಿಗೆ ಹೊರಡಲು ಚೀಲ ಕಟ್ಟಿಕೊಂಡು ಕೂತಿದ್ದರು.

‘ಎಂತ ಆಯ್ತೋ ನಿಂಗೆ? ರಾತ್ರಿಯಿಡೀ ನಿದ್ದೆ ಇಲ್ಲ ನಮ್ಗೆ’ ಎಂದಳು ಅಮ್ಮ.

ಸಿಟ್ಟು ಬರಬೇಕಿದ್ದ ಹುಡುಗನಿಗೆ ರಾತ್ರಿಯ ಕೆಂಪು ಬಣ್ಣ ನೆನಪಾಯಿತು. ‘ಅಮ್ಮಾ, ರಿಂಗ್ ಆಗ್ತಾ ಇತ್ತಲ್ಲ? ಹಾಗಾದ್ರೆ ಫೋನ್ ಸರಿ ಇದೆ ಅಂತ. ರೂಮಿನವನ ನಂಬರ್ ಕೊಡ್ತೇನೆ, ಕಚೇರಿ ನಂಬರೂ ಬರ್ಕೋ. ಇನ್ನು ಮೇಲೆ ನಾನು ಎತ್ತದಿದ್ರೆ ಮೊದ್ಲು ಅವನಿಗೆ ಮಾಡು, ಆಮೇಲೆ ಕಚೇರಿಗೆ. ಚೀಲ ಕಟ್ಟೋದು ಕೊನೇಲಿ’ ಎಂದು ಕಲಿತ ಪಾಠವನ್ನೆಲ್ಲ ಒಪ್ಪಿಸಿದ.

ಅಮ್ಮ ಎರಡೂ ನಂಬರುಗಳನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಆಮೇಲೆ ಕೇಳಿದಳು: ‘ಅದೆಲ್ಲ ಸರಿ ಮಾರಾಯ. ಒಳಗೆ ಹೋಗೋ ಮೊದ್ಲು ನೀನೇ ಒಂದು ಫೋನ್ ಮಾಡಿದ್ರೆ ಎಂತ ಆಗ್ತಿತ್ತು?’

ಹುಡುಗನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಲಾಕರಿಗೆ ಬೀಗ ಹಾಕುವ ಮೊದಲು ದಿನವೂ ಊರಿಗೆ ಒಂದು ಕರೆ ಹೋಗುತ್ತದೆ. ಅರ್ಧ ನಿಮಿಷದ ಮಾತು, ಅಷ್ಟೇ: ಊಟ ಆಯ್ತು, ಒಳಗೆ ಹೋಗ್ತಿದ್ದೇನೆ, ಬೆಳಿಗ್ಗೆ ಮಾಡ್ತೇನೆ.