ಕಾಲಿಗೆ ಅಂಕ

ಇಪ್ಪತ್ತು ವರ್ಷಗಳಿಂದ ಹುಡುಗರ ಉತ್ತರಪತ್ರಿಕೆಗಳಿಗೆ ಅಂಕ ಹಾಕುತ್ತ ಬಂದ ನನಗೆ, ನನ್ನ ಎಡಗಾಲಿಗೇ ಅಂಕ ಹಾಕುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ. ಹೋದ ವರ್ಷ ಆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಔಷಧದಿಂದ ಗಂಡಾಂತರವೇನೋ ಕಳೆಯಿತು. ಆದರೆ ನಾಳದ ಕವಾಟಗಳು ಕೆಟ್ಟಿದ್ದರೆ ರಕ್ತ ಮೇಲೇರದೆ ಕಾಲಲ್ಲೇ ತಂಗುವುದಂತೆ.

ಮೊನ್ನೆ ಡಾಕ್ಟರು ವಿಲ್ಲಾಲ್ಟಾ ಎಂಬ ಹೆಸರಿನ ಪಟ್ಟಿಯೊಂದನ್ನು ಮುಂದಿಟ್ಟರು. ಒಂದೊಂದು ಬಾಬಿಗೂ ಸೊನ್ನೆಯಿಂದ 3, ಒಟ್ಟು 33. ಬಾವು, ಚರ್ಮದ ಬಣ್ಣ ಮೊದಲಾದ ಆರು ಲಕ್ಷಣಗಳನ್ನು ನೋಡಿ ಅಂಕ ಹಾಕುವವರು ಅವರು. ನೋವು, ಸೆಳೆತ, ಭಾರ, ಜೋಮು, ತುರಿಕೆ, ಈ ಐದಕ್ಕೆ ರೋಗಿಯೇ ಪರೀಕ್ಷಕ. ಸೊನ್ನೆ ಬಂದವನೇ ಇಲ್ಲಿ ಮೊದಲ ದರ್ಜೆ!

ಯಾರು ಕೇಳಿದರೂ “ಚೆನ್ನಾಗಿದ್ದೇನೆ” ಎನ್ನುವ ಅಭ್ಯಾಸಬಲದಿಂದ ಐದಕ್ಕೂ ಸೊನ್ನೆ ಹೇಳಿದೆ. ನನ್ನಾಕೆ ಸುಮ್ಮನಿರಲಿಲ್ಲ. “ಸಂಜೆ ಮೆಟ್ಟಿಲ ಕಂಬಿ ಹಿಡಿದು ನಿಲ್ಲೋರು ಯಾರು? ರಾತ್ರಿ ಮೀನಖಂಡ ತಿಕ್ಕಿಕೊಳ್ಳೋರು ಯಾರು?”

ಡಾಕ್ಟರು ನಕ್ಕರು. “ಆರನ್ನು ನಾನು ನೋಡಬಲ್ಲೆ, ಮೇಷ್ಟ್ರೇ. ಐದನ್ನು ನೀವು ಹೇಳದೆ ನನಗೆ ತಿಳಿಯದು.”

ಸೆಳೆತಕ್ಕೆ 1, ಭಾರಕ್ಕೆ 2 ಎಂದು ಒಪ್ಪಿಕೊಂಡೆ. ಹುಡುಗರಿಗೆ ನಾನು ಹೇಳುತ್ತಿದ್ದ ಮಾತು ನನಗೇ ತಿರುಗಿ ಬಂತು: ಉತ್ತರವನ್ನೇ ಬರೆಯದಿದ್ದರೆ ಎಂಥ ಉದಾರಿ ಪರೀಕ್ಷಕನಾದರೂ ಏನು ಮಾಡಿಯಾನು?